ನಟ್ಟ ನೋಟ

ಪುತ್ತೂರು ಪೇಟೆಯ ಅಂಚಿನ ದರ್ಬೆಯಿಂದ ಹೊರಡುವ ದಾರಿಗಳಲ್ಲಿ ಒಂದು ಕಾಣಿಯೂರಿನ ಮಾರ್ಗವಾಗಿ ಕುಕ್ಕೆ ಸುಬ್ರಹ್ಮಣ್ಯದ ಪರ್ವತಪಾದಕ್ಕೆ ಹೋಗುತ್ತದೆ, ಇನ್ನೊಂದು ಸುಳ್ಯ, ಅರಂತೋಡು, ಸಂಪಾಜೆಗಳನ್ನು ಹಾದು ಕೊಡಗಿನ ಘಟ್ಟವನ್ನು ಏರುತ್ತದೆ. ಈ ಎರಡು ದಾರಿಗಳ ನಡುವಣ ಅಡಿಕೆ ತೋಟಗಳು, ರಬ್ಬರು ಗುಡ್ಡಗಳು, ಕುಮಾರಧಾರೆ ಪಯಸ್ವಿನಿಗಳ ಹೊಳೆದಂಡೆಗಳು, ರಕ್ಷಿತಾರಣ್ಯದ ಹಗಲುಗತ್ತಲೆಗಳು ಕ್ಯಾಮೆರಾ ಹಿಡಿದವನಿಗೆ ಒದಗಿಸುವ ವಸ್ತುಸಂಪತ್ತು ಎಷ್ಟು ಹಿರಿದೋ ಅವನ ಕೈಗೂ ಕಣ್ಣಿಗೂ ಒಡ್ಡುವ ಪರೀಕ್ಷೆಯೂ ಅಷ್ಟೇ ಕಠಿನವಾದುದು. ಮನುಷ್ಯರೂ ಮೃಗಪಕ್ಷಿಗಳೂ ಇಲ್ಲಿ ಒಬ್ಬರನ್ನೊಬ್ಬರು ಅಗಲಿ ಬದುಕುವವರಲ್ಲ. ಅಡಿಕೆ ಮರದ ಬುಡದಲ್ಲಿ ಆಳು ಗೊಬ್ಬರ ಹಾಕುತ್ತಿರುವಾಗ ಅದೇ ಮರದ ಕಾಂಡಕ್ಕೆ ಹಾರುವ ಓತಿಯೊಂದು ಅಂಟಿಕೊಂಡಿರುತ್ತದೆ. ಅಂಗಳದಲ್ಲಿ ಅಡಿಕೆ ಒಣಗುತ್ತಿರುವಾಗ ಆಚೆಯ ಗೋಳಿಮರದಲ್ಲಿ ಮಂಗಟ್ಟೆ ಹಕ್ಕಿ ಹಣ್ಣು ನುಂಗುತ್ತಿರುತ್ತದೆ. ಆದುದರಿಂದ ಜನರ ಮುಖಗಳನ್ನು ತೆಗೆಯುವ ವಿದ್ಯೆ ಬೇರೆ, ವನ್ಯಜೀವಿಗಳನ್ನು ತೆಗೆಯುವ ವಿದ್ಯೆ ಬೇರೆ ಎಂದು ವಿಭಾಗಿಸುವುದು ಈ ಸೀಮೆಗೆ ಒಪ್ಪುವುದಿಲ್ಲವೆಂದೇ ನನ್ನ ಅಭಿಪ್ರಾಯ. ಎರಡಕ್ಕೂ ಮೂಲವಾದ ಪ್ರಶ್ನೆ ಒಂದೇ: ಎದುರಿಗಿರುವ ಜೀವದಲ್ಲಿ ಯಾವುದು ಸ್ಫುಟವಾಗಿ ಮೂಡಬೇಕು, ಮತ್ತು ಅದನ್ನು ಗುಂಡಿ ಒತ್ತುವುದಕ್ಕೆ ಮೊದಲೇ ನಾವು ಅರಿತಿದ್ದೇವೆಯೇ?

ಚಿತ್ರ ಮಬ್ಬಾಯಿತೆಂದು ಮರುಗುವವರು ಅನೇಕರಿದ್ದಾರೆ. ಮಬ್ಬಿನ ಕಾರಣವನ್ನು ಪರೀಕ್ಷಿಸುವವರು ವಿರಳ. ಚಿತ್ರವನ್ನು ಹಿಗ್ಗಿಸಿ ನೋಡಿದಾಗ ಮುಖ ಮಸುಕಾಗಿದ್ದು, ಅದರ ಹಿಂದಿನ ಗೋಡೆಯೋ ಮುಂದಿನ ಎಲೆಯೋ ಚೊಕ್ಕವಾಗಿ ಕಂಡರೆ ಫೋಕಸ್ ತಪ್ಪಿದೆಯೆಂದು ತಿಳಿಯಬೇಕು. ಚೌಕಟ್ಟಿನಲ್ಲಿರುವ ಪ್ರತಿಯೊಂದು ಬಿಂದುವೂ ಒಂದೇ ದಿಕ್ಕಿಗೆ ಎಳೆದಂತೆ ಸಣ್ಣ ಗೆರೆಯಾಗಿದ್ದರೆ ಕೈ ಅಲುಗಿದೆ. ಸ್ಟುಡಿಯೋದವರು ಶೇಕ್ ಆಗಿದೆ ಎನ್ನುವುದು ಇದಕ್ಕೇ. ಹಿನ್ನೆಲೆಯೆಲ್ಲ ನಿಶ್ಚಲವಾಗಿದ್ದು ಹಕ್ಕಿಯ ರೆಕ್ಕೆಯೋ ಮಗುವಿನ ಕೈಯೋ ಮಾತ್ರ ಕದಡಿದ್ದರೆ, ಶಟರ್ ತೆರೆದು ಮುಚ್ಚುವ ಅವಧಿಗಿಂತ ಆ ಜೀವದ ಚಲನೆ ವೇಗವಾಗಿತ್ತು. ಮೂರು ರೋಗಗಳಿಗೂ ಮೂರು ಬೇರೆ ಔಷಧಗಳುಂಟು. ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟು, ಹೆಚ್ಚು ಬೆಲೆಯ ಲೆನ್ಸು ಕೊಂಡರೆ ಎಲ್ಲವೂ ಸರಿಹೋದೀತೆಂದು ನಂಬಿ ಹಣ ಸುರಿಯುವ ತರುಣರನ್ನು ಕಂಡಾಗ ನನಗೆ ನಿಜವಾಗಿಯೂ ವ್ಯಥೆಯಾಗುತ್ತದೆ.

ಮೊದಲನೆಯದನ್ನು ಯಕ್ಷಗಾನದ ಚೌಕಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣಲಾಗದು. ತೆಂಕುತಿಟ್ಟಿನ ಬಣ್ಣದ ವೇಷಧಾರಿ ಅಕ್ಕಿಹಿಟ್ಟಿನ ಚಿಟ್ಟಿಗಳನ್ನು ಒಂದೊಂದಾಗಿ ಮುಖದ ಮೇಲೆ ಇಟ್ಟು, ಗಂಟೆಗಟ್ಟಲೆ ಕುಳಿತು, ತನ್ನ ಸ್ವಂತ ಮುಖವನ್ನು ರಾಕ್ಷಸನ ಮುಖವನ್ನಾಗಿ ಪರಿವರ್ತಿಸಿಕೊಳ್ಳುವಾಗ ಆ ಚಿಟ್ಟಿಗಳ ಮೊನೆಗಳು ಚರ್ಮದಿಂದ ಮುಂದಕ್ಕೆ ಚಾಚಿರುತ್ತವೆ. ಕಣ್ಣುಗಳಾದರೋ ಅವುಗಳ ಹಿಂದೆ, ಕಪ್ಪು ಕೆಂಪು ಬಣ್ಣಗಳ ಕುಳಿಯಲ್ಲಿ ಉರಿಯುತ್ತಿರುತ್ತವೆ. 85 ಮಿಲಿಮೀಟರಿನ ಲೆನ್ಸನ್ನು ಎಫ್ 1.8ರಷ್ಟು ಅಗಲವಾಗಿ ತೆರೆದು ಎರಡು ಮೀಟರ್ ದೂರದಿಂದ ಹಿಡಿದರೆ, ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಸ್ಫುಟವಾಗಿ ಮೂಡುವ ಆಳ ಸುಮಾರು 6 ಸೆಂಟಿಮೀಟರ್ ಮಾತ್ರ. ಆಸೆಪಟ್ಟು ಒಂದು ಮೀಟರಿನಷ್ಟು ಹತ್ತಿರಕ್ಕೆ ಸರಿದರೆ ಅದು ಒಂದೂವರೆ ಸೆಂಟಿಮೀಟರಿಗೆ ಇಳಿಯುತ್ತದೆ, ಏಕೆಂದರೆ ದೂರ ಅರ್ಧವಾದಾಗ ಈ ಆಳ ಕಾಲುಭಾಗವಾಗುವುದು ಬೆಳಕಿನ ನಿಯಮ. ಆ ಒಂದೂವರೆ ಸೆಂಟಿಮೀಟರಿನೊಳಗೆ ಚಿಟ್ಟಿಯ ಮೊನೆ ಕುಳಿತರೆ ಕಣ್ಣು ಹೊರಗುಳಿಯುತ್ತದೆ. ಕಣ್ಣು ಕುಳಿತರೆ ಚಿಟ್ಟಿ ಮೃದುವಾಗುತ್ತದೆ. ಎರಡೂ ಬೇಕೆಂದು ರಂಧ್ರವನ್ನು ಎಫ್ 8ರವರೆಗೆ ಕಿರಿದುಗೊಳಿಸಿದರೆ ಎರಡು ಮೀಟರಿನಲ್ಲಿ 27 ಸೆಂಟಿಮೀಟರಿನಷ್ಟು ಆಳ ದೊರೆತು ಕಿರೀಟದ ತುದಿಯಿಂದ ಕಿವಿಯವರೆಗೆ ಎಲ್ಲವೂ ಚೊಕ್ಕವಾಗುವುದು ನಿಜ. ಆದರೆ ಒಳಬರುವ ಬೆಳಕು ಇಪ್ಪತ್ತರಲ್ಲಿ ಒಂದು ಪಾಲಾಗುವುದರಿಂದ ಸೆಕೆಂಡಿನ 1/400 ಭಾಗದಲ್ಲಿ ಮುಗಿಯುತ್ತಿದ್ದ ಚಿತ್ರಕ್ಕೆ 1/20 ಭಾಗ ಬೇಕಾಗಿ, ಚೌಕಿಯ ಮಂದ ಬೆಳಕಿನಲ್ಲಿ ಕಲಾವಿದ ಉಸಿರೆಳೆದುಕೊಂಡರೂ ಚಿತ್ರ ಕದಡುತ್ತದೆ. ಒಂದನ್ನು ಪಡೆಯಬೇಕಾದರೆ ಇನ್ನೊಂದನ್ನು ತೆರಬೇಕಾದ ಈ ವ್ಯವಹಾರದಿಂದ ಯಾವ ಯಂತ್ರವೂ ನಮ್ಮನ್ನು ಬಿಡಿಸಿಲ್ಲ. ಬಣ್ಣದ ವೇಷದ ಚಿತ್ರದಲ್ಲಿ ನಾನು ಕಣ್ಣನ್ನೇ ಆರಿಸಿಕೊಳ್ಳುವವನು. ಆ ಕೃತಕ ಮುಖದ ನಡುವೆ ಮನುಷ್ಯನಾಗಿ ಉಳಿದಿರುವುದು ಅದೊಂದೇ ಆದುದರಿಂದ.

ದೈವದ ಕೋಲದ ವಿಷಯದಲ್ಲಿ ಇದಕ್ಕಿಂತ ಹೆಚ್ಚಿನ ವಿವೇಕ ಬೇಕು. ಸೂಟೆಯ ಬೆಳಕು ಹಾರಾಡುತ್ತಿರುವಾಗ, ಬೆನ್ನಿಗೆ ಕಟ್ಟಿದ ಅಣಿಯ ದೊಡ್ಡ ಮೇಲ್ಮೈಯನ್ನೇ ಮುಖವೆಂದು ತಿಳಿದು ಕ್ಯಾಮೆರಾ ಅಲ್ಲಿ ನಿಂತುಬಿಡುವುದು ಸಾಮಾನ್ಯ. ಕತ್ತಲೆಯನ್ನು ಗೆಲ್ಲಲು ಫ್ಲ್ಯಾಶ್ ಹೊಡೆಯುವುದೆಂದರೆ ಸೇರಿದವರ ಶ್ರದ್ಧೆಯ ನಡುವೆ ನುಗ್ಗಿದಂತೆ. ಚಿತ್ರ ಬೇಡವೆಂದು ಹೇಳುವ ದೈವಸ್ಥಾನಗಳೂ ಉಂಟು. ಅಲ್ಲಿ ಕ್ಯಾಮೆರಾವನ್ನು ಚೀಲದಿಂದ ಹೊರತೆಗೆಯದಿರುವುದೇ ಯೋಗ್ಯ.

ಇನ್ನು ಚಲನೆಯ ಮಾತು. ಪುತ್ತೂರು ಮಹಾಲಿಂಗೇಶ್ವರ ದೇವಾಲಯದ ದೇವರಮಾರು ಗದ್ದೆಯಲ್ಲಿ ನಡೆಯುವ ಕೋಟಿ-ಚೆನ್ನಯ ಜೋಡುಕರೆ ಕಂಬಳಕ್ಕೆ ಹೋದವರು ಮನುಷ್ಯನನ್ನೂ ಮೃಗವನ್ನೂ ಒಂದೇ ಚೌಕಟ್ಟಿನಲ್ಲಿ, ಅದೂ ಇಬ್ಬರ ದೇಹಬಲವೂ ಪರಾಕಾಷ್ಠೆಗೆ ತಲುಪಿದ ಕ್ಷಣದಲ್ಲಿ, ಸೆರೆಹಿಡಿಯುವ ಅವಕಾಶ ಜಗತ್ತಿನ ಬೇರೆ ಕಡೆಗಳಲ್ಲಿ ಎಷ್ಟು ದುರ್ಲಭವೆಂಬುದನ್ನು ಯೋಚಿಸಬೇಕು. ಕೋಣಗಳ ವೇಗವೆಂದರೆ ಏನು? 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಓಟಗಾರ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕರೆಯನ್ನು 13.62 ಸೆಕೆಂಡುಗಳಲ್ಲಿ ಮುಗಿಸಿ ದೇಶದ ಗಮನ ಸೆಳೆದಾಗ ಅವರ ಸರಾಸರಿ ವೇಗ ಸೆಕೆಂಡಿಗೆ ಹತ್ತೂವರೆ ಮೀಟರಿಗೆ ಹತ್ತಿರವಾಗಿತ್ತು. ಅಂದರೆ ಶಟರ್ 1/100 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಕೋಣದ ಮೂಗು ಹತ್ತು ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. 1/1000 ಸೆಕೆಂಡಿನಲ್ಲಿ ಒಂದು ಸೆಂಟಿಮೀಟರ್. ಕರೆಯ ಬದಿಯಲ್ಲಿ ನಿಂತವನು 1/1000ಕ್ಕಿಂತ ನಿಧಾನವಾದ ಶಟರನ್ನು ಬಯಸುವುದಾದರೆ ಕೋಣದ ಓಟಕ್ಕೆ ಸರಿಯಾಗಿ ಸೊಂಟದಿಂದ ಮೇಲಿನ ಇಡೀ ದೇಹವನ್ನು ತಿರುಗಿಸುತ್ತ ಹೋಗಬೇಕು.

ಓಟ ಮುಗಿಯುವ ಮಂಜೊಟ್ಟಿಯ ಕಡೆ ನಿಂತು ಎದುರಿನಿಂದ ಬರುವ ಜೋಡಿಯನ್ನು ಹಿಡಿಯುವವನ ಕಷ್ಟ ಬೇರೆ ರೀತಿಯದು. ಅಲ್ಲಿ ಚಿತ್ರ ಅಡ್ಡಲಾಗಿ ಕದಡುವುದು ಕಡಿಮೆ, ಆದರೆ ದೂರ ಕ್ಷಣಕ್ಷಣಕ್ಕೂ ಕುಗ್ಗುತ್ತದೆ. 300 ಮಿಲಿಮೀಟರಿನ ಲೆನ್ಸಿಗೆ ಎಫ್ 4ರಲ್ಲಿ, 20 ಮೀಟರ್ ದೂರದಲ್ಲಿ, ಸ್ಫುಟತೆಯ ಆಳ ಒಂದು ಮೀಟರಿನಷ್ಟು. ನಮ್ಮ ಕಣ್ಣು ಕಂಡದ್ದನ್ನು ಬೆರಳು ಪಾಲಿಸುವಷ್ಟರಲ್ಲಿ, ಅಂದರೆ ಸೆಕೆಂಡಿನ ಐದನೆಯ ಒಂದು ಭಾಗದಲ್ಲಿ, ಕೋಣಗಳು ಎರಡು ಮೀಟರ್ ಮುಂದೆ ಬಂದಿರುತ್ತವೆ. ಇದರ ಜೊತೆಗೆ ಸ್ವಯಂಚಾಲಿತ ಫೋಕಸ್ ಇಲ್ಲಿ ಎರಡು ಬಗೆಯಿಂದ ಮೋಸಹೋಗುತ್ತದೆ: ನೀರು ಚಿಮ್ಮಿ ಕೋಣದ ಮುಖಕ್ಕಿಂತ ಒಂದು ಮಾರು ಮುಂದೆ ಹೊಳೆಯುವ ಹನಿಗಳ ಪರದೆಯನ್ನು ನಿಲ್ಲಿಸುವುದರಿಂದ ಯಂತ್ರ ಆ ಹನಿಗಳ ಮೇಲೆ ನೆಲೆಗೊಳ್ಳುತ್ತದೆ, ಕೋಣದ ಒದ್ದೆ ಕಪ್ಪು ಮೈಯಲ್ಲಿ ಬೆಳಕು ನೆರಳುಗಳ ಭೇದ ಅತ್ಯಲ್ಪವಾದುದರಿಂದ ಹಿಡಿಯುವುದಕ್ಕೆ ಅದಕ್ಕೆ ಗೆರೆಯೇ ಸಿಗುವುದಿಲ್ಲ. ಹಣೆಯ ಮೇಲಿನ ಹಗ್ಗದ ಕಟ್ಟು, ಕೊಂಬಿನ ಬುಡದ ಅಲಂಕಾರ, ಓಡಿಸುವವನ ಹಲ್ಲುಕಚ್ಚಿದ ಮುಖ ಇವುಗಳಲ್ಲಿ ಯಂತ್ರಕ್ಕೆ ಬೇಕಾದ ಗೆರೆಗಳುಂಟು. ಅವುಗಳಿಗೆ ಗುರಿಯಿಡುವುದೋ, ಇಲ್ಲವೆ ಹಳಬರು ಮಾಡುತ್ತಿದ್ದಂತೆ ಕರೆಯ ಒಂದು ನಿಶ್ಚಿತ ಸ್ಥಳಕ್ಕೆ ಮೊದಲೇ ಫೋಕಸ್ ಕಟ್ಟಿಟ್ಟು ಜೋಡಿ ಅಲ್ಲಿಗೆ ಬರುವುದಕ್ಕೆ ಕೂದಲೆಳೆಯಷ್ಟು ಮುಂಚೆ ಗುಂಡಿ ಒತ್ತುವುದೋ ಫೋಟೋ ತೆಗೆಯುವವನ ಇಷ್ಟ. ಎರಡನೆಯ ಕ್ರಮವೇ ನನಗೆ ಪ್ರಿಯ, ಏಕೆಂದರೆ ಅದಕ್ಕೆ ಆ ಜೋಡಿ ಯಾವುದು, ಅದು ಯಾವ ಬದಿಗೆ ಎಳೆಯುತ್ತದೆ, ಓಡಿಸುವವನು ಎಲ್ಲಿ ಬೆತ್ತ ಎತ್ತುತ್ತಾನೆ ಎಂಬ ಜ್ಞಾನ ಬೇಕು. ಆ ಜ್ಞಾನವನ್ನು ಕೊಡುವವರು ಕೋಣ ಸಾಕಿದ ಮನೆಯವರು.

ಯಂತ್ರದ ಮೇಲೆ ನನಗೆ ಅನಾದರವಿಲ್ಲ. ಮೂಕಿಚಿತ್ರಗಳ ಕಾಲದಲ್ಲಿಯೇ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಚಿತ್ರಗಳನ್ನು ನಿರ್ಮಿಸುವ ಸಾಹಸ ಮಾಡಿದ ಶಿವರಾಮ ಕಾರಂತರು ದಶಕಗಳ ಕಾಲ ಬಾಳಿದ ಊರು ಪುತ್ತೂರು; ಹೊಸ ಉಪಕರಣವನ್ನು ಕಂಡು ಬೆದರುವುದು ಇಲ್ಲಿಯ ಸಂಪ್ರದಾಯವಲ್ಲ. ಕರಿಯ ಬಟ್ಟೆಯೊಳಗೆ ತಲೆ ಹುದುಗಿಸಿ, ಉಜ್ಜಿದ ಗಾಜಿನ ಮೇಲೆ ತಲೆಕೆಳಗಾಗಿ ಬಿದ್ದ ಬಿಂಬವನ್ನು ನೋಡಿ ಫೋಕಸ್ ಮಾಡುತ್ತಿದ್ದ ಸ್ಟುಡಿಯೋ ಛಾಯಾಗ್ರಾಹಕನ ಕಾಲದಿಂದ, 1977ರಲ್ಲಿ ಕೊನಿಕಾ ಸಂಸ್ಥೆಯ ಸಿ35 ಎಎಫ್ ಎಂಬ ಪುಟ್ಟ ಕ್ಯಾಮೆರಾ ತಾನಾಗಿ ದೂರವನ್ನು ಅಳೆಯತೊಡಗಿದ ಕಾಲಕ್ಕೆ, ಅಲ್ಲಿಂದ 1985ರಲ್ಲಿ ಮಿನೋಲ್ಟಾ 7000 ತನ್ನ ಒಡಲಿನೊಳಗಿನ ಮೋಟಾರಿನಿಂದಲೇ ಲೆನ್ಸನ್ನು ತಿರುಗಿಸಿದ ಕಾಲಕ್ಕೆ, ಈಗ ಹಕ್ಕಿಯ ಕಣ್ಣನ್ನು ಎಲೆಗಳ ನಡುವೆ ತಾನೇ ಹುಡುಕಿ ಚೌಕ ಕಟ್ಟಿ ತೋರಿಸುವ ಕ್ಯಾಮೆರಾಗಳ ಕಾಲಕ್ಕೆ ಬಂದಿದ್ದೇವೆ. ಇದು ಮಹತ್ತರವಾದ ಸಾಧನೆ. ದೃಷ್ಟಿ ಮಂದವಾದ ಹಿರಿಯರೂ ಇದರಿಂದ ಮತ್ತೆ ಚಿತ್ರ ತೆಗೆಯಲು ಸಮರ್ಥರಾಗಿದ್ದಾರೆಂಬುದು ಸಂತೋಷದ ಸಂಗತಿ. ಆದರೂ ಹತ್ತು ಮಂದಿ ನಿಂತ ಗುಂಪಿನಲ್ಲಿ ಯಾರ ಕಣ್ಣು ಮುಖ್ಯವೆಂಬುದನ್ನು ನಾವು ಹೇಳಿಕೊಡದೆ ಯಂತ್ರ ತಾನಾಗಿ ನಿರ್ಣಯಿಸಲಾರದು, ಸಾಮಾನ್ಯವಾಗಿ ಸಮೀಪದ ಕಣ್ಣನ್ನೇ ಅದು ಹಿಡಿಯುತ್ತದೆ.

ಕಾಡಿನ ಕಡೆಗೆ ಬರೋಣ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಪ್ರಕಟವಾದ ಮೇಲೆ ಹಾರುವ ಓತಿಯೆಂದರೆ ಕನ್ನಡಿಗರಿಗೆ ಯಾವುದೋ ದುರ್ಗಮಾರಣ್ಯದ ಅದ್ಭುತವೆಂಬ ಭಾವನೆ ನೆಲೆಸಿದೆ. ಪುತ್ತೂರು ಸುಳ್ಯದ ಅಡಿಕೆ ಕೃಷಿಕನಿಗೆ ಅದು ಹಿತ್ತಿಲಿನ ನೆರೆಯವನು. ಬಾಲ ಸೇರಿ ಗೇಣುದ್ದದ ಆ ಪ್ರಾಣಿ ಪಾಚಿಗಟ್ಟಿದ ಕಾಂಡದ ಬಣ್ಣವನ್ನೇ ಹೊದ್ದು ಕುಳಿತಾಗ ಕಣ್ಣೆದುರಿಗಿದ್ದರೂ ಕಾಣದು. ಗಂಡು ತನ್ನ ಗಂಟಲಿನ ಹಳದಿ ಚೀಲವನ್ನು ಚಾಚಿ ಮಡಚುವ ಕ್ಷಣದಲ್ಲಿ ಮಾತ್ರ ಅದು ತನ್ನ ಇರವನ್ನು ಪ್ರಕಟಿಸುತ್ತದೆ. 400 ಮಿಲಿಮೀಟರಿನ ಲೆನ್ಸಿನಿಂದ ಐದು ಮೀಟರ್ ದೂರದಲ್ಲಿ, ಎಫ್ 5.6ರಲ್ಲಿ, ನಮಗೆ ದೊರೆಯುವ ಆಳ ಐದು ಸೆಂಟಿಮೀಟರ್. ಓತಿ ಕಾಂಡಕ್ಕೆ ಚಪ್ಪಟೆಯಾಗಿ ಅಂಟಿರುವುದರಿಂದ ಅಡ್ಡದಿಂದ ನೋಡಿದರೆ ತಲೆಯಿಂದ ಬಾಲದವರೆಗೆ ಅದರ ಇಡೀ ದೇಹ ಆ ಐದು ಸೆಂಟಿಮೀಟರಿನೊಳಗೆ ಅಡಗುತ್ತದೆ. ಕೆಳಗೆ ನಿಂತು ಮೇಲಕ್ಕೆ ಗುರಿಯಿಟ್ಟರೆ ತಲೆ ಬಾಲಗಳಲ್ಲಿ ಒಂದು ಮಸುಕಾಗುವುದು ಅನಿವಾರ್ಯ. ಆದುದರಿಂದ ತೋಟದ ಇಳಿಜಾರಿನಲ್ಲಿ ಮೇಲಿನ ಅಗಳಿನ ದಂಡೆಯ ಮೇಲೆ ನಿಂತು, ಕೆಳಗಿನ ಸಾಲಿನ ಮರಗಳ ನಡುಗಾಂಡಕ್ಕೆ ಸಮನಾದ ಎತ್ತರವನ್ನು ಸಂಪಾದಿಸಿಕೊಳ್ಳುವುದೇ ಉಪಾಯ. ಹೊಸ ಕ್ಯಾಮೆರಾಕ್ಕಿಂತ ತೋಟದ ನೆಲದ ಏರಿಳಿತವನ್ನು ಬಲ್ಲವನಿಗೆ ಇಲ್ಲಿ ಹೆಚ್ಚು ಲಾಭ.

ಬೆಳಕು ಈ ಸೀಮೆಯ ದೊಡ್ಡ ಕೊರತೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆಯಲ್ಲಿ ಅಡಿಕೆ ಸೋಗೆಗಳ ಕೆಳಗೆ ನಡುಹಗಲೂ ಸಂಜೆಯಂತಿರುತ್ತದೆ. ಗುಂಡ್ಯ, ಬಿಸಿಲೆಗಳ ಕಡೆಯ ಜವುಗು ಎಲೆಗಳ ನಡುವೆ ಕಪ್ಪೆಗಳನ್ನು ಹುಡುಕುವವರು, ಗುಂಡ್ಯದ ಹೆಸರನ್ನೇ ಹೊತ್ತು 1986ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಇಂಡಿರಾನಾ ಗುಂಡಿಯಾ ಎಂಬ ಜಿಗಿಗಪ್ಪೆಯಂಥವನ್ನು ತೆಗೆಯಬೇಕಾದರೆ, ನೆಲಕ್ಕೆ ಎದೆ ತಾಗಿಸಿ ಮಲಗಿ ಅದರ ಕಣ್ಣಿನ ಮಟ್ಟಕ್ಕೆ ಇಳಿಯಬೇಕಾಗುತ್ತದೆ. ಮತ್ತೊಂದು ಶತ್ರುವನ್ನು ಘಟ್ಟದ ಮೇಲಿನವರು ಅಷ್ಟಾಗಿ ಅರಿಯರು: ತೇವ ತುಂಬಿದ ಗಾಳಿಯಲ್ಲಿ ಲೆನ್ಸಿನ ಗಾಜುಗಳ ನಡುವೆ ಬೆಳೆಯುವ ಬೂಷ್ಟು. ಜೇಡನ ಬಲೆಯಂಥ ಅದರ ಎಳೆಗಳು ಹಬ್ಬಿದ ಲೆನ್ಸು ಎಷ್ಟು ಸರಿಯಾಗಿ ಫೋಕಸ್ ಮಾಡಿದರೂ ಹಾಲು ಬೆರೆಸಿದಂಥ ಬಿಂಬವನ್ನೇ ಕೊಡುತ್ತದೆ. ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಲೆನ್ಸನ್ನು ಮುಚ್ಚಿಡುವುದಕ್ಕಿಂತ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡುವುದು, ಬಿಸಿಲು ಕಂಡ ದಿನ ಹೊರತೆಗೆದು ಬಳಸುವುದು ಕರಾವಳಿಯ ಛಾಯಾಗ್ರಾಹಕನ ನಿತ್ಯಕರ್ಮಗಳಲ್ಲೊಂದು.

ಇಂಥ ಮಂದ ಬೆಳಕಿನಲ್ಲಿ ಹಿಂದಿನವರು ಏನು ಮಾಡುತ್ತಿದ್ದರು? ಈ ಪ್ರಶ್ನೆಯನ್ನು ಕೇಳಿಕೊಂಡಾಗಲೆಲ್ಲ ನನಗೆ ಕರ್ನಾಟಕದ ವನ್ಯಜೀವಿ ಛಾಯಾಗ್ರಾಹಕರ ಹಿರಿಯ ತಲೆಮಾರಿನ ನೆನಪಾಗುತ್ತದೆ. ಒ. ಸಿ. ಎಡ್ವರ್ಡ್ಸ್ ಅವರ ಮಾರ್ಗದರ್ಶನದಲ್ಲಿ ಬೆಳೆದ ಟಿ. ಎನ್. ಎ. ಪೆರುಮಾಳ್ (1932–2017), ಅವರ ಸಮಕಾಲೀನರಾದ ಇ. ಹನುಮಂತರಾವ್, ರಾಜ್ಯದ ಹಣಕಾಸು ಮಂತ್ರಿಯಾಗಿದ್ದೂ ಕಪ್ಪು-ಬಿಳುಪಿನಲ್ಲಿ ಕಾಡಿನ ನೆರಳು ಬೆಳಕುಗಳನ್ನು ತಪಸ್ಸಿನಂತೆ ಸಾಧಿಸಿದ ಸೊಂಡೂರಿನ ಎಂ. ವೈ. ಘೋರ್ಪಡೆ (1931–2011), ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಬೆನ್ನುಹತ್ತಿದ ತೇಜಸ್ವಿ, ಇವರೆಲ್ಲರ ಕೈಯಲ್ಲಿ ಆಗ ಇದ್ದುದು ಫಿಲ್ಮು. 64ರ ವೇಗದ ಬಣ್ಣದ ಫಿಲ್ಮಿಗೆ ಬಯಲಿನ ನಿಚ್ಚಳ ಬಿಸಿಲಿನಲ್ಲಿ ಎಫ್ 5.6ರಲ್ಲಿ 1/500 ಸೆಕೆಂಡು ಸಾಕಾದರೆ, ಮರದ ನೆರಳಿನೊಳಗೆ 1/30ಕ್ಕೋ 1/15ಕ್ಕೋ ಇಳಿಯಲೇಬೇಕಿತ್ತು. ದೂರದ ಲೆನ್ಸನ್ನು ಕೈಯಲ್ಲಿ ಹಿಡಿಯುವವರು ಲೆನ್ಸಿನ ಮಿಲಿಮೀಟರಿನಷ್ಟಾದರೂ ವೇಗವನ್ನು, ಎಂದರೆ 400ಕ್ಕೆ 1/400ನ್ನು, ಇಟ್ಟುಕೊಳ್ಳಬೇಕೆಂಬುದು ಎಲ್ಲರೂ ಬಲ್ಲ ನಿಯಮ. ಅವರು ಅದಕ್ಕಿಂತ ಹತ್ತಾರು ಪಟ್ಟು ನಿಧಾನವಾಗಿ ತೆಗೆಯುತ್ತಿದ್ದರೆಂದ ಮೇಲೆ ಟ್ರೈಪಾಡು, ಮರೆಗೂಡು, ತಡೆದ ಉಸಿರು, ಮತ್ತು ಹಕ್ಕಿ ತಲೆ ತಿರುಗಿಸಿ ಅರೆಕ್ಷಣ ಸ್ತಬ್ಧವಾಗುವ ಸಮಯವನ್ನು ಮೊದಲೇ ಊಹಿಸುವ ಪರಿಚಯ ಇವಿಷ್ಟೇ ಅವರ ಆಯುಧಗಳಾಗಿದ್ದುವು. ಚಲಿಸುವ ಪ್ರಾಣಿಯೂ ಚಲನೆಯ ನಡುವೆ ನಿಲ್ಲುತ್ತದೆ: ಮಂಗಟ್ಟೆ ಹಣ್ಣನ್ನು ಮೇಲಕ್ಕೆಸೆದು ಕೊಕ್ಕು ತೆರೆಯುವ ಮುನ್ನ, ಭೀಮರಾಜ ಕೊಂಬೆಗೆ ಮರಳಿ ಕುಳಿತ ಮರುಗಳಿಗೆ, ಕಡವೆ ಕಿವಿ ನಿಮಿರಿಸಿದಾಗ. ಆ ನಿಲುಗಡೆಗಳನ್ನು ಕಂಠಸ್ಥ ಮಾಡಿಕೊಂಡವನಿಗೆ 1/30 ಸೆಕೆಂಡೂ ದೀರ್ಘವಲ್ಲ.

ಮಂಗಟ್ಟೆಯ ಗೂಡಿನ ವಿಷಯದಲ್ಲಿ ಮಾತ್ರ ನಾನು ಹಿಂದಿನವರ ಹಾದಿಯನ್ನು ಅನುಸರಿಸಲು ಹೇಳಲಾರೆ. ಗೂಡಿನ ಬಳಿ ಮರೆಗೂಡು ಕಟ್ಟಿ ಕಾಯುವುದು ಆ ಕಾಲದಲ್ಲಿ ಪ್ರಪಂಚದಾದ್ಯಂತ ಒಪ್ಪಿತವಾದ ಕ್ರಮವಾಗಿತ್ತು. ಆದರೆ ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ಸೇರಿ, ಪೊಟರೆಯ ಬಾಯಿಯನ್ನು ಕೊಕ್ಕಿನಗಲದ ಸೀಳು ಬಿಟ್ಟು ಮುಚ್ಚಿಕೊಂಡು, ವಾರಗಟ್ಟಲೆ ಗಂಡು ತಂದ ಆಹಾರವನ್ನೇ ನಂಬಿ ಕುಳಿತಿರುವಾಗ, ಕೆಳಗೆ ಲೆನ್ಸು ಹಿಡಿದು ನಿಂತವರನ್ನು ಕಂಡು ಗಂಡು ಬಾರದೆ ಹಿಂತಿರುಗಿದರೆ ಒಳಗಿರುವ ತಾಯಿಗೂ ಮರಿಗೂ ಅಂದಿನ ಊಟವಿಲ್ಲ. ಗೂಡಿನ ಚಿತ್ರಗಳನ್ನು ಅನೇಕ ಸ್ಪರ್ಧೆಗಳೂ ಪತ್ರಿಕೆಗಳೂ ಈಗ ಸ್ವೀಕರಿಸದಿರುವುದು ಉಚಿತವಾದುದು. ಹಣ್ಣು ಬಿಟ್ಟ ಗೋಳಿಮರದಿಂದ ಸಾಕಷ್ಟು ದೂರದಲ್ಲಿ ಕುಳಿತರೆ ಅದೇ ಹಕ್ಕಿ ನಿರ್ಭಯವಾಗಿ ಬರುತ್ತದೆ. 20 ಮೀಟರ್ ದೂರದಲ್ಲಿ ಅದೇ 400ರ ಲೆನ್ಸಿನ ಆಳ 80 ಸೆಂಟಿಮೀಟರಿಗೂ ಮೇಲೇರುವುದರಿಂದ ಕೊಕ್ಕಿನ ತುದಿಯಿಂದ ಬೆನ್ನಿನವರೆಗೆ ಎಲ್ಲವೂ ಸ್ಫುಟವಾಗುತ್ತದೆಂಬುದು ದೂರವನ್ನು ಕಾಯ್ದುಕೊಂಡವನಿಗೆ ದೊರೆಯುವ ಪ್ರತಿಫಲ.

ಸ್ಫುಟತೆಯೇ ಛಾಯಾಚಿತ್ರದ ಸರ್ವಸ್ವವೆಂಬ ವಾದವೂ ಒಂದು ಕಾಲದಲ್ಲಿತ್ತು. 1932ರಲ್ಲಿ ಆನ್ಸೆಲ್ ಆ್ಯಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದವರು ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಬಳಗ ಲೆನ್ಸಿನ ಅತಿ ಕಿರಿದಾದ ರಂಧ್ರದ ಸಂಖ್ಯೆಯಾದ ಎಫ್ 64ನ್ನೇ ತನ್ನ ಹೆಸರಾಗಿ ಇಟ್ಟುಕೊಂಡಿತು. ಅದಕ್ಕೂ ಬಹಳ ಮೊದಲು, 1860ರ ದಶಕದಲ್ಲಿ, ಇಂಗ್ಲೆಂಡಿನ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಫೋಕಸನ್ನು ಸಡಿಲಬಿಟ್ಟು ತೆಗೆದ ಮುಖಗಳು ಅಂದಿನ ವಿಮರ್ಶಕರ ಟೀಕೆಗೆ ಗುರಿಯಾಗಿದ್ದುವು. ಇಂದು ಅವೇ ಮುಖಗಳ ಮುಂದೆ ಜನ ನಿಲ್ಲುತ್ತಾರೆ. ನಾನು ಇವರಲ್ಲಿ ಯಾರ ಪಕ್ಷವನ್ನೂ ವಹಿಸುವವನಲ್ಲ. ಕಾಡಿನ ಪ್ರಾಣಿಯ ಚಿತ್ರ ಮಬ್ಬಾದರೆ ಅದರ ಗುರುತೇ ಕಳೆದುಹೋಗಬಹುದು, ಗರಿಯ ಒಂದು ಪಟ್ಟೆಯಿಂದ ಜಾತಿ ನಿರ್ಣಯವಾಗುವ ಸಂದರ್ಭಗಳುಂಟು. ಮನುಷ್ಯನ ಮುಖದಲ್ಲಾದರೋ ಪ್ರತಿಯೊಂದು ರೋಮರಂಧ್ರವನ್ನೂ ಎಣಿಸಿ ತೋರಿಸುವುದು ಒಮ್ಮೊಮ್ಮೆ ಕ್ರೌರ್ಯವೇ ಆಗುತ್ತದೆ. ಕನ್ನಡದ ಲೇಖಕರ ಭಾವಚಿತ್ರಗಳನ್ನು ವರ್ಷಾನುಗಟ್ಟಲೆ ತೆಗೆದ ಎ. ಎನ್. ಮುಕುಂದ, ಸಾಹಿತಿಗಳನ್ನೂ ಸಂಗೀತಗಾರರನ್ನೂ ಚಿತ್ರಿಸಿದ ಕೆ. ಜಿ. ಸೋಮಶೇಖರ್, ಇವರ ಚಿತ್ರಗಳನ್ನು ನೋಡುವಾಗ ಸ್ಫುಟತೆ ಎಲ್ಲಿ ಬೇಕೋ ಅಲ್ಲಿ ಮಾತ್ರ ನಿಂತು, ಉಳಿದೆಡೆ ಮುಖವನ್ನು ಅದರಷ್ಟಕ್ಕೆ ಬಿಟ್ಟಿರುವ ಸೌಜನ್ಯ ನನ್ನ ಅನುಭವಕ್ಕೆ ಬಂದಿದೆ.

ಸುಳ್ಯದ ಕಡೆಯ ತೋಟವೊಂದರಲ್ಲಿ, ಅಡಿಕೆ ಕೊನೆ ತೆಗೆಯುವ ಹಿರಿಯರೊಬ್ಬರ ಚಿತ್ರ ತೆಗೆಯಲು ಅವರ ಒಪ್ಪಿಗೆ ಕೇಳಿದ್ದೆ. ಕಾಲಿಗೆ ತಳೆ ಸಿಕ್ಕಿಸಿಕೊಂಡು ಮರವೇರುವ ಮುನ್ನ ಅವರನ್ನು ಬೆಳಕಿನ ಕಡೆಗೆ ತಿರುಗಿಸಿ ನಿಲ್ಲಿಸಿ, ಕಣ್ಣಿಗೆ ಫೋಕಸ್ ಕಟ್ಟುತ್ತಿರುವಾಗ ಅವರು ನಡುವೆಯೇ ತಡೆದರು.

“ಮೋರೆ ಯಾಕೆ ಮಾರಾಯ್ರೆ? ಮೋರೆ ಎಲ್ಲರಿಗೂ ಉಂಟು. ಕೈ ಸರಿ ಬರುತ್ತದಾ ನೋಡಿ.”

“ಕೈಯೂ ಬರುತ್ತದೆ, ಮೋರೆಯೂ ಬರುತ್ತದೆ ಅಣ್ಣ. ಸ್ವಲ್ಪ ಹೀಗೆ ನಿಲ್ಲಿ.”

“ಎರಡೂ ಬೇಡ. ಮರ ಹತ್ತಿದ್ದು ಕೈ. ಅದನ್ನೇ ತೆಗೆಯಿರಿ.”

ಮರದ ಕಾಂಡವನ್ನು ತಬ್ಬಿ ತಬ್ಬಿ ಒಳಮುಖವಾಗಿ ದಡ್ಡುಗಟ್ಟಿದ ಮುಂಗೈಗಳು, ಅಡಿಕೆಯ ಚೊಗರು ಹಿಡಿದು ಕಪ್ಪಾದ ಬೆರಳ ಸಂದುಗಳು, ಎಡ ಹೆಬ್ಬೆರಳಿನಲ್ಲಿ ಕತ್ತಿಯ ಹಳೆಯ ಗಾಯದ ಗುರುತು. ಕ್ಯಾಮೆರಾ ಮಾತ್ರ ತನ್ನ ಅಭ್ಯಾಸದಂತೆ ಮತ್ತೆ ಮತ್ತೆ ಕಣ್ಣಿಗೇ ಓಡುತ್ತಿತ್ತು. ಕಣ್ಣು ಹುಡುಕುವ ಆ ಸೌಲಭ್ಯವನ್ನು ನಿಲ್ಲಿಸಿ, ಫೋಕಸನ್ನು ಕೈಯಿಂದಲೇ ತಿರುಗಿಸಿ, ರಂಧ್ರವನ್ನು ಎಫ್ 4ಕ್ಕೆ ಇಟ್ಟು, ತಳೆಯನ್ನು ಹಿಡಿದ ಬೆರಳುಗಳ ಮೇಲೆ ನೆಟ್ಟೆ; ಮುಖ ಹಿಂದೆ ಮೃದುವಾಯಿತು. ಪ್ರತಿ ತಲುಪಿದ ಮೇಲೆ ಅದು ಅವರ ಮನೆಯ ಚಾವಡಿಯಲ್ಲಿ ಮದುವೆಯ ಗುಂಪಿನ ಚಿತ್ರದ ಪಕ್ಕದಲ್ಲಿ ತೂಗುತ್ತಿದೆ. ಆ ತೋಟದ ಇನ್ನಿಬ್ಬರು ಕೊನೆಗಾರರೂ ತಮ್ಮ ಕೈಗಳನ್ನು ತೆಗೆಯಬೇಕೆಂದು ಹೇಳಿ ಕಳುಹಿಸಿದ್ದಾರೆ. ಮಳೆ ಬಿಟ್ಟು ಕೊನೆ ತೆಗೆಯುವ ಕೆಲಸ ಆರಂಭವಾಗುವಾಗ ಅಲ್ಲಿಗೆ ಹೋಗಬೇಕಾಗಿದೆ.